ರೇಸ್ ಕಾರಿನ ಮರುಹುಟ್ಟು: ಹಳೆಯ ಕುಶಲತೆಯಿಂದ ಹೊಸ ಪಾಠ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳ ಏರುಹಾದಿಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಓಡಾಡುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಜೀಪುಗಳ ಎಂಜಿನ್ ಬದಲಾಗಿದೆ, ಗೇರ್ ಬಾಕ್ಸ್ ಬದಲಾಗಿದೆ, ತುಕ್ಕು ಹಿಡಿದ ತಗಡಿನ ಜಾಗಕ್ಕೆ ಹೊಸ ತಗಡು ಬಂದಿದೆ. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಭಾಗಗಳಲ್ಲಿ ಉಳಿದಿರುವುದು ಕೆಲವೇ. ಆದರೂ ಮಾಲೀಕರಿಗೆ ಅದು ‘ನಮ್ಮ ಹಳೇ ಜೀಪು’. ಈಗ ಇದೇ ಪ್ರಶ್ನೆಯನ್ನು ತಿರುಗಿಸಿ ನೋಡಿ. ಹಳೆಯ ಭಾಗ ಒಂದೂ ಇಲ್ಲ. ಆದರೆ ಪ್ರತಿಯೊಂದು ಭಾಗವನ್ನೂ ಅಂದಿನ ಲೋಹದಿಂದ, ಅಂದಿನ ಅಳತೆಗೆ, ಅಂದಿನ ವಿಧಾನದಲ್ಲೇ ಹೊಸದಾಗಿ ಮಾಡಿ ಜೋಡಿಸಲಾಗಿದೆ. ಅಂಥ ವಾಹನ ಹಳೆಯದೋ, ಹೊಸದೋ?

ಇದು ಬರೀ ಮಾತಿನ ಚಮತ್ಕಾರವಲ್ಲ. ಹಳೆಯ ರೇಸ್ ಕಾರುಗಳನ್ನು ಹೀಗೆ ಮರುಸೃಷ್ಟಿಸುವ ಕೆಲಸ ಯುರೋಪಿನಲ್ಲಿ ಗಂಭೀರವಾಗಿ ನಡೆಯುತ್ತಿದೆ. ಅದರಿಂದ ತಂತ್ರಜ್ಞಾನದ ಚರಿತ್ರೆ ಓದುವವರಿಗೂ ವಿಜ್ಞಾನ ಕಲಿಸುವವರಿಗೂ ದೊರೆಯುವ ಪಾಠಗಳು ಹಲವು.

ಎರಡು ಬಗೆಯ ಪ್ರತಿಕೃತಿ

ಪ್ರತಿಕೃತಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ರೂಪವನ್ನು ಮಾತ್ರ ಅನುಕರಿಸುತ್ತದೆ. ಫೈಬರ್ ಗಾಜಿನ ಹೊರಮೈ, ಒಳಗೆ ಇಂದಿನ ಎಂಜಿನ್, ಇಂದಿನ ಬ್ರೇಕು. ದೂರದಿಂದ ನೋಡಿದರೆ ಹಳೆಯ ಕಾರು, ಓಡಿಸಿದರೆ ಹೊಸದು. ಎರಡನೆಯದು ಅಂದಿನ ಸಾಮಗ್ರಿ ಮತ್ತು ಅಂದಿನ ತಯಾರಿಕಾ ವಿಧಾನ ಎರಡಕ್ಕೂ ನಿಷ್ಠವಾಗಿರುತ್ತದೆ. ಇದನ್ನು ನಾವು ‘ಕಾಲನಿಷ್ಠ ಪ್ರತಿಕೃತಿ’ ಎಂದು ಕರೆಯೋಣ. ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ, ಚಾರಿತ್ರಿಕ ಕಾರುಗಳ ಸ್ಪರ್ಧೆಗಳಿಗೆಂದು ‘ಅನುಬಂಧ ಕೆ’ ಎಂಬ ಪ್ರತ್ಯೇಕ ನಿಯಮಾವಳಿಯನ್ನೇ ರೂಪಿಸಿದೆ. ಕಾರು ತನ್ನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇರಬೇಕೆಂಬುದು ಅದರ ಮೂಲ ಆಶಯ.

ಈ ಎರಡನೆಯ ಬಗೆಗೆ ಒಂದು ಒಳ್ಳೆಯ ಉದಾಹರಣೆ, ಬ್ರಿಟನ್ನಿನ ‘ಬ್ಲೋವರ್ ಬೆಂಟ್ಲಿ’.

ಗಾತ್ರವೋ, ಗಾಳಿಯೋ?

ಡಬ್ಲ್ಯು.ಓ. ಬೆಂಟ್ಲಿ 1919ರಲ್ಲಿ ಸ್ಥಾಪಿಸಿದ ಬೆಂಟ್ಲಿ ಮೋಟಾರ್ಸ್ ಕಂಪನಿಯ ಕಾರುಗಳು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಸ್ಪರ್ಧೆಯನ್ನು 1924ರಲ್ಲಿ ಒಮ್ಮೆ, 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ಗೆದ್ದವು. ಇವುಗಳಲ್ಲಿ ನಾಲ್ಕೂವರೆ ಲೀಟರಿನ ಮಾದರಿಯ ಎಂಜಿನ್ನನ್ನು ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರ್, ಪ್ರತಿಯೊಂದರ ಒಳವ್ಯಾಸ 100 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 140 ಮಿಲಿಮೀಟರ್. ತ್ರಿಜ್ಯ 5 ಸೆಂಟಿಮೀಟರ್ ಆದ್ದರಿಂದ ಒಂದು ಸಿಲಿಂಡರಿನ ಗಾತ್ರ 3.1416 × 5 × 5 × 14, ಅಂದರೆ ಸುಮಾರು 1099.6 ಘನ ಸೆಂಟಿಮೀಟರ್. ನಾಲ್ಕಕ್ಕೆ 4398. ಕಂಪನಿಯ ದಾಖಲೆಗಳಲ್ಲಿರುವ ಅಂಕಿಯೂ ಅದೇ.

ಈ ಎಂಜಿನ್ನಿನಿಂದ ಇನ್ನೂ ಹೆಚ್ಚು ಶಕ್ತಿ ಪಡೆಯುವುದು ಹೇಗೆ? ಇಲ್ಲಿ ಎರಡು ಪಕ್ಷಗಳಾದವು. ಎಂಜಿನ್ನಿನ ಗಾತ್ರವನ್ನೇ ಹೆಚ್ಚಿಸಬೇಕು ಎಂಬುದು ಬೆಂಟ್ಲಿಯವರ ನಿಲುವು. ಇರುವ ಗಾತ್ರದೊಳಗೇ ಹೆಚ್ಚು ಗಾಳಿ ತುಂಬಬೇಕು ಎಂಬುದು ಅವರ ತಂಡದ ಚಾಲಕ ಟಿಮ್ ಬರ್ಕಿನ್ ಅವರ ವಾದ. ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಸೂಪರ್‌ಚಾರ್ಜರ್. ಬೆಂಟ್ಲಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಬರ್ಕಿನ್ ಹಟ ಬಿಡಲಿಲ್ಲ. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆಯ ಹಣದ ನೆರವಿನಿಂದ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿದ್ದ ತಮ್ಮ ಕಾರ್ಯಾಗಾರದಲ್ಲಿ ಸ್ಪರ್ಧೆಗೆಂದು ನಾಲ್ಕು ಕಾರುಗಳನ್ನು ಸಿದ್ಧಪಡಿಸಿದರು. ಲೆ ಮಾನ್ಸ್ ನಿಯಮಕ್ಕೆ ಬೇಕಾಗಿದ್ದರಿಂದ ಕಂಪನಿಯೂ ಅಂಥ 50 ಕಾರುಗಳನ್ನು ತಯಾರಿಸಿ ಮಾರಬೇಕಾಯಿತು.

ಸೂಪರ್‌ಚಾರ್ಜರಿಗೆ ಇಂಗ್ಲಿಷಿನಲ್ಲಿ ‘ಬ್ಲೋವರ್’ ಎಂಬ ಆಡುಹೆಸರು. ನಮ್ಮ ಕಮ್ಮಾರರ ಕುಲುಮೆಯಲ್ಲಿ ತಿದಿಯ ಬದಲು ಬಂದ ಕೈಯಿಂದ ತಿರುಗಿಸುವ ಬ್ಲೋವರ್ ನೆನಪಿಗೆ ಬಂದರೆ ಅದು ಸರಿಯೇ. ಬೆಂಕಿಗೆ ಹೆಚ್ಚು ಗಾಳಿ ಕೊಟ್ಟರೆ ಇದ್ದಲು ಬೇಗ ಉರಿದು ಶಾಖ ಹೆಚ್ಚುವಂತೆ, ಸಿಲಿಂಡರಿಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನವನ್ನು ಉರಿಸಬಹುದು. ಈ ಕಾರಿನಲ್ಲಿದ್ದದ್ದು ‘ರೂಟ್ಸ್’ ಮಾದರಿಯದು. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಮೊದಲು ಬಳಕೆಯಾದದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದಲು. ಎರಡು ತಿರುಗುಭಾಗಗಳು ಒಂದನ್ನೊಂದು ಮುಟ್ಟದೆ ಸುತ್ತುತ್ತಾ ಗಾಳಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸುತ್ತವೆ. ಅಂಹರ್ಸ್ಟ್ ವಿಲಿಯರ್ಸ್ ವಿನ್ಯಾಸಗೊಳಿಸಿದ ಸೂಪರ್‌ಚಾರ್ಜರ್ ರೇಡಿಯೇಟರಿನ ಮುಂದೆ ಕೂತು ಕ್ರ್ಯಾಂಕ್ ದಂಡದಿಂದಲೇ ನೇರವಾಗಿ ತಿರುಗುತ್ತಿತ್ತು. ಪರಿಣಾಮ? ಸ್ಪರ್ಧೆಯ ಕಾರಿನಲ್ಲಿ ಸುಮಾರು 130 ಇದ್ದ ಅಶ್ವಶಕ್ತಿ 240ಕ್ಕೆ ಏರಿತು.

ನಮ್ಮ ಗುಡ್ಡಗಳಲ್ಲಿ ಈ ತತ್ತ್ವವನ್ನು ಸುಲಭವಾಗಿ ವಿವರಿಸಬಹುದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇಕಡಾ 9ರಷ್ಟು ಕಡಿಮೆ. ಸಹಜವಾಗಿ ಉಸಿರಾಡುವ ಎಂಜಿನ್ ಇಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ತುಂಬಿದರೆ ಈ ನಷ್ಟ ತುಂಬಿಬರುತ್ತದೆ. ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನ್ನುಗಳಿಗೆ ಸೂಪರ್‌ಚಾರ್ಜರ್ ಅಳವಡಿಸಿದ್ದು ಇದೇ ಕಾರಣಕ್ಕೆ.

ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಎಂಜಿನ್ ಮೇಲಿನ ಒತ್ತಡವೂ ಹೆಚ್ಚುತ್ತದೆ. 1930ರ ಲೆ ಮಾನ್ಸ್‌ನಲ್ಲಿ ಬ್ಲೋವರ್ ಕಾರುಗಳು ಕೊನೆ ಮುಟ್ಟಲಿಲ್ಲ. ಗೆದ್ದದ್ದು ಬೆಂಟ್ಲಿಯವರೇ ನೆಚ್ಚಿದ್ದ ದೊಡ್ಡ ಎಂಜಿನ್ನಿನ ‘ಸ್ಪೀಡ್ ಸಿಕ್ಸ್’. ಅದೇ ವರ್ಷ ಪೋ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರೀ ಸ್ಪರ್ಧೆಯಲ್ಲಿ ಬರ್ಕಿನ್ ಎರಡನೆಯ ಸ್ಥಾನ ಪಡೆದದ್ದು ಈ ಕಾರಿನ ಹೆಸರಾಂತ ಸಾಧನೆ. 1931ರಲ್ಲಿ ಕಂಪನಿ ಆರ್ಥಿಕವಾಗಿ ಕುಸಿದು ರೋಲ್ಸ್ ರಾಯ್ಸ್ ವಶವಾಯಿತು. ಗೆಲುವಿನ ಲೆಕ್ಕದಲ್ಲಿ ಹಿಂದುಳಿದ ಈ ಕಾರೇ ಜನರ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯಿತು ಎಂಬುದು ಚರಿತ್ರೆಯ ಒಂದು ವೈಚಿತ್ರ್ಯ.

ಬಿಚ್ಚಿ ಅಳೆದ ಕಾರು

2019ರಲ್ಲಿ ಬೆಂಟ್ಲಿ ಕಂಪನಿ ಈ ಕಾರಿನ 12 ಪ್ರತಿಕೃತಿಗಳನ್ನು ಮಾತ್ರ ತಯಾರಿಸುವುದಾಗಿ ಪ್ರಕಟಿಸಿತು. ಬರ್ಕಿನ್ ಸಿದ್ಧಪಡಿಸಿದ ನಾಲ್ಕು ಕಾರುಗಳಲ್ಲಿ ಎರಡನೆಯದು ಕಂಪನಿಯ ಬಳಿಯೇ ಇತ್ತು. ಅದನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಲೇಸರ್ ಕಿರಣದಿಂದ ಅಳೆದು, ಗಣಕಯಂತ್ರದಲ್ಲಿ ಮೂರು ಆಯಾಮದ ಮಾದರಿಯನ್ನು ರಚಿಸಲಾಯಿತು. ಆ ಮಾದರಿಯಲ್ಲಿದ್ದದ್ದು 70 ಜೋಡಣೆಗಳಲ್ಲಿ ಹಂಚಿಕೊಂಡ 630 ಭಾಗಗಳು. ‘ಕಾರ್ ಝೀರೋ’ ಎಂಬ ಮೊದಲ ಪರೀಕ್ಷಾ ಕಾರು 2020ರ ಡಿಸೆಂಬರಿನಲ್ಲಿ ಸಿದ್ಧವಾಯಿತು. ಅದಕ್ಕೆ ತಗುಲಿದ ದುಡಿಮೆ ಸುಮಾರು 40,000 ಗಂಟೆಗಳು.

ಅಳತೆ ಸಿಕ್ಕಿತಲ್ಲ, ಇನ್ನೇನು ಉಳಿಯಿತು ಎಂದು ನೀವು ಕೇಳಬಹುದು. ಉಳಿದದ್ದೇ ಹೆಚ್ಚು. ಲೇಸರ್ ಕಿರಣ ಮೇಲ್ಮೈಯ ಆಕಾರವನ್ನು ಮಾತ್ರ ಹೇಳುತ್ತದೆ. ಆ ಉಕ್ಕನ್ನು ಎಷ್ಟು ಕಾಯಿಸಿ ಹೇಗೆ ತಣಿಸಿದ್ದರು, ಎರಕಕ್ಕೆ ಯಾವ ಮಿಶ್ರಲೋಹ ಬಳಸಿದ್ದರು, ತಗಡನ್ನು ಯಾವ ಕ್ರಮದಲ್ಲಿ ಬಡಿದು ಬಗ್ಗಿಸಿದ್ದರು ಎಂಬುದನ್ನು ಅದು ಹೇಳಲಾರದು. ಮೇಲಾಗಿ, ತೊಂಬತ್ತು ವರ್ಷ ಬಳಸಿದ ಭಾಗದ ಇಂದಿನ ಅಳತೆಯಲ್ಲಿ ಸವೆತವೂ ಸೇರಿರುತ್ತದೆ. ಮೂಲ ಅಳತೆ ತಿಳಿಯಲು ಹಳೆಯ ನಕಾಶೆಗಳನ್ನೂ ಅಂದಿನ ಜಿಗ್‌ಗಳನ್ನೂ ನೋಡಬೇಕಾಗುತ್ತದೆ. ಉಳಿದದ್ದು ಕುಶಲಕರ್ಮಿಯ ಕೈಗೆ ಬಿಟ್ಟದ್ದು.

ಆದ್ದರಿಂದಲೇ ಕಾರಿನ ಚಾಸಿ ಮಾಡಿಸಲು ಕಂಪನಿ ಹೋದದ್ದು ಯಾವುದೋ ಆಧುನಿಕ ಕಾರು ಕಾರ್ಖಾನೆಗಲ್ಲ. ಡರ್ಬಿಶೈರ್ ಪ್ರಾಂತದ ಇಸ್ರೇಲ್ ನ್ಯೂಟನ್ ಅಂಡ್ ಸನ್ಸ್ ಬಳಿಗೆ. ಸುಮಾರು ಇನ್ನೂರು ವರ್ಷ ಹಳೆಯ ಈ ಸಂಸ್ಥೆಯ ಕಸುಬು ಉಗಿಬಂಡಿಗಳ ಬಾಯ್ಲರ್ ತಯಾರಿಕೆ. ದಪ್ಪ ಉಕ್ಕನ್ನು ಕೈಯಿಂದ ರೂಪಿಸಿ, ಕಾಯಿಸಿದ ರಿವೆಟ್‌ನಿಂದ ಜೋಡಿಸುವ ವಿದ್ಯೆ ಉಳಿದಿದ್ದದ್ದು ಅಂಥ ಕಡೆ.

ರಿವೆಟ್ ಮತ್ತು ಗಾಡಿಯ ಚಕ್ರ

ಬೆಸುಗೆ ಹಾಕುವ ಬದಲು ರಿವೆಟ್ ಏಕೆ? ಕೆಂಪಗೆ ಕಾದ ರಿವೆಟ್ಟನ್ನು ತೂತಿನಲ್ಲಿಳಿಸಿ ಇನ್ನೊಂದು ತುದಿಯನ್ನು ಬಡಿದು ತಲೆ ಮಾಡುತ್ತಾರೆ. ತಣಿಯುವಾಗ ಅದು ಕುಗ್ಗುತ್ತದೆ. ಉಕ್ಕಿನ ಉಷ್ಣ ವಿಕಸನ ಗುಣಾಂಕ ಪ್ರತಿ ಡಿಗ್ರಿಗೆ 0.000012. 20 ಮಿಲಿಮೀಟರ್ ಉದ್ದದ ರಿವೆಟ್ 900 ಡಿಗ್ರಿಯಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಸುಮಾರು 0.2 ಮಿಲಿಮೀಟರ್ ಕುಗ್ಗಲು ಯತ್ನಿಸುತ್ತದೆ. ಅಂಕಿ ಸಣ್ಣದು, ಆದರೆ ನಡುವಿನ ಫಲಕಗಳು ಅದಕ್ಕೆ ಅವಕಾಶ ಕೊಡುವುದಿಲ್ಲವಾದ್ದರಿಂದ ಅವುಗಳನ್ನು ಅದು ಅಪಾರ ಬಲದಿಂದ ಬಿಗಿದಪ್ಪುತ್ತದೆ.

ಇದೇ ತತ್ತ್ವ ನಮ್ಮ ಎತ್ತಿನ ಗಾಡಿಯ ಚಕ್ರದಲ್ಲಿದೆ. ಮರದ ಚಕ್ರಕ್ಕಿಂತ ಕೊಂಚ ಸಣ್ಣದಾದ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಹೊಯ್ಯುತ್ತಾರೆ. 1.2 ಮೀಟರ್ ವ್ಯಾಸದ ಪಟ್ಟಿಯ ಸುತ್ತಳತೆ ಸುಮಾರು 3.77 ಮೀಟರ್. 500 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಸುಮಾರು 22 ಮಿಲಿಮೀಟರ್ ಹಿಗ್ಗುತ್ತದೆ. ತಣಿದಾಗ ಚಕ್ರದ ಮರದ ಭಾಗಗಳೆಲ್ಲ ಬಿಗಿದು ಒಂದಾಗುತ್ತವೆ. ಕಮ್ಮಾರ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವನಲ್ಲ. ಕಬ್ಬಿಣದ ಬಣ್ಣ ನೋಡಿಯೇ ಹದ ತಿಳಿದವನು.

ಸಾಮಗ್ರಿ ಬದಲಾದರೆ ನಡತೆಯೂ ಬದಲಾಗುತ್ತದೆ

ರಿವೆಟ್ ಹಾಕಿದ ಹಳೆಯ ಚಾಸಿ ರಸ್ತೆಯ ಏರುತಗ್ಗಿಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಅದರ ಮೇಲಿನ ಹೊರಮೈ ಬಾಗದ ಲೋಹದ್ದಾದರೆ ಬಿರುಕು ಬಿಟ್ಟೀತು. ಬ್ಲೋವರ್ ಕಾರಿನಲ್ಲಿ ಹೊರಮೈಯ ಚೌಕಟ್ಟು ಆ್ಯಶ್ ಮರದ್ದು, ಹೊದಿಕೆ ರೆಕ್ಸಿನ್. ನಮ್ಮ ಬಸ್ಸುಗಳ ಸೀಟಿನಿಂದ ನಮಗೆಲ್ಲ ಪರಿಚಿತವಾದ ಅದೇ ರೆಕ್ಸಿನ್! ನಾರುಳ್ಳ ಮರವೂ ಲೇಪನ ಹಚ್ಚಿದ ಬಟ್ಟೆಯೂ ಚಾಸಿಯ ಜೊತೆ ಬಾಗುತ್ತವೆ. ಮರದ ಜಾಗದಲ್ಲಿ ಉಕ್ಕು ಹಾಕಿದ್ದರೆ ನೋಟ ಒಂದೇ ಇರುತ್ತಿತ್ತು, ನಡತೆ ಬೇರೆಯಾಗುತ್ತಿತ್ತು.

ಎಂಜಿನ್ನಿನ ಕ್ರ್ಯಾಂಕ್ ಪೆಟ್ಟಿಗೆಯನ್ನು ಮೆಗ್ನೀಷಿಯಮ್‌ನಿಂದ ಎರಕ ಹೊಯ್ಯಲಾಯಿತು. ಅಲ್ಯೂಮಿನಿಯಮ್ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 2.7 ಗ್ರಾಂ, ಮೆಗ್ನೀಷಿಯಮ್‌ನದು 1.74 ಗ್ರಾಂ. ಭಾರ ಇಳಿಸಲು ಅಂದಿನವರು ಎಷ್ಟು ದೂರ ಹೋಗಿದ್ದರೆಂಬುದಕ್ಕೆ ಇದು ಸಾಕ್ಷಿ. ಬ್ರೇಕು ಮಾತ್ರ 40 ಸೆಂಟಿಮೀಟರ್ ವ್ಯಾಸದ ಡ್ರಮ್. ದ್ರವದ ಒತ್ತಡವಿಲ್ಲದೆ ಬರೀ ಯಾಂತ್ರಿಕ ಎಳೆತದಿಂದ ಕೆಲಸ ಮಾಡುವಂಥದ್ದು. ಶಿರಾಡಿ ಘಾಟಿ ಇಳಿಯುವ ಲಾರಿ ಚಾಲಕರು ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯುವುದೇಕೆಂದು ವಿದ್ಯಾರ್ಥಿಗಳಿಗೆ ಗೊತ್ತಿದ್ದರೆ, ಇಂಥ ಬ್ರೇಕಿನೊಡನೆ 240 ಅಶ್ವಶಕ್ತಿಯ ಕಾರು ಓಡಿಸುವುದರ ಅರ್ಥವೂ ಅವರಿಗೆ ಆಗುತ್ತದೆ. ಚಾಲಕರ ಧೈರ್ಯದ ಬಗ್ಗೆ ಪುಸ್ತಕದಲ್ಲಿ ಓದುವುದು ಬೇರೆ; ಅದೇ ಬ್ರೇಕನ್ನು ಮತ್ತೆ ಮಾಡಿ ತುಳಿದು ನೋಡುವುದು ಬೇರೆ. ಎರಡನೆಯದು ಚರಿತ್ರೆಯ ಪ್ರಯೋಗ. ಕಾಲನಿಷ್ಠ ಪ್ರತಿಕೃತಿಯ ನಿಜವಾದ ಬೆಲೆ ಇಲ್ಲಿದೆ.

ನಕಲು ಎಂದು ಹೇಳುವ ಪ್ರಾಮಾಣಿಕತೆ

ಈ ಪ್ರಯೋಗಕ್ಕೆ ಒಂದು ಕಟ್ಟುಪಾಡಿದೆ. ಪ್ರತಿಕೃತಿ ತಾನು ಪ್ರತಿಕೃತಿ ಎಂದು ಹೇಳಿಕೊಳ್ಳಬೇಕು. ಹಳೆಯ ಕಾರಿನ ಚಾಸಿ ಸಂಖ್ಯೆಯನ್ನು ಹೊಸದಕ್ಕೆ ಕೊರೆದು ಅದನ್ನೇ ಮೂಲವೆಂದು ಮಾರಿದರೆ ಅದು ವಂಚನೆ; ಚರಿತ್ರೆಯ ಸಾಕ್ಷ್ಯವನ್ನೇ ಕೆಡಿಸಿದಂತೆ. ಬೆಂಟ್ಲಿ ಕಂಪನಿ ತನ್ನ 12 ಕಾರುಗಳನ್ನು ‘ಮುಂದುವರಿಕೆ ಸರಣಿ’ ಎಂದೇ ಕರೆದಿದೆ. ಇಂದಿನ ಸುರಕ್ಷತೆಗಾಗಿ ಕಣ್ಣಿಗೆ ಬೀಳದ ಕೆಲವು ಸಣ್ಣ ಬದಲಾವಣೆಗಳಿವೆ ಎಂಬುದನ್ನೂ ಮುಚ್ಚಿಟ್ಟಿಲ್ಲ. ಮೊದಲಿನ ಪ್ರಶ್ನೆಗೆ ಉತ್ತರವೂ ಇದೇ. ವಸ್ತು ಹೊಸದು, ಅದರೊಳಗಿನ ತಿಳಿವಳಿಕೆ ಹಳೆಯದು. ಎರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕು.

ನಮ್ಮ ಶಾಲೆಗಳಿಗೆ ಒಂದು ಕೆಲಸ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪ್ರವಾಸ ಹೋಗುವ ಶಾಲೆಗಳು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ತಪ್ಪದೆ ನೋಡಬೇಕು. ಬಣ್ಣ, ಹೆಸರು ನೋಡಿ ಮುಂದೆ ಹೋಗದೆ, ಯಾವ ಭಾಗ ಮರದ್ದು, ಯಾವುದು ಎರಕದ್ದು, ಎಲ್ಲಿ ರಿವೆಟ್ ಇದೆ, ಪಟ್ಟಿ ಸ್ಪ್ರಿಂಗಿನಲ್ಲಿ ಎಷ್ಟು ಪದರಗಳಿವೆ ಎಂದು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿ.

ಅದಕ್ಕಿಂತ ತುರ್ತಿನ ಕೆಲಸ ಊರಿನಲ್ಲೇ ಇದೆ. ಬ್ರಿಟನ್ನಿನಲ್ಲಿ ಕಾರು ಉಳಿದಿತ್ತು, ನಕಾಶೆ ಉಳಿದಿತ್ತು. ಜೊತೆಗೆ ರಿವೆಟ್ ಬಡಿಯಬಲ್ಲ ಕೈಗಳೂ ಉಳಿದಿದ್ದವು. ಮೂರನೆಯದು ಇಲ್ಲದಿದ್ದರೆ ಮೊದಲೆರಡರಿಂದ ಪೂರ್ಣ ಪ್ರಯೋಜನವಿರಲಿಲ್ಲ. ನಮ್ಮಲ್ಲಿ ರಬ್ಬರ್ ಟೈರಿನ ಗಾಡಿ, ಟ್ರ್ಯಾಕ್ಟರು ಬಂದ ಮೇಲೆ ಮರದ ಚಕ್ರ ಕಟ್ಟುವ ಬಡಗಿ, ಪಟ್ಟಿ ತೊಡಿಸುವ ಕಮ್ಮಾರ ಅಪರೂಪವಾಗುತ್ತಿದ್ದಾರೆ. ಅವರು ಮಾಡಿದ ಚಕ್ರ ಹೋಟೆಲುಗಳ ಗೋಡೆಯ ಅಲಂಕಾರವಾಗಿ ಬಹುಕಾಲ ಉಳಿದೀತು. ಮಾಡುವ ಬಗೆ ಉಳಿಯುವುದಿಲ್ಲ.

ನಿಮ್ಮ ಊರಿನಲ್ಲಿ ಅಂಥ ಹಿರಿಯರೊಬ್ಬರಿದ್ದರೆ ಅವರ ಬಳಿ ಕುಳಿತು ಕೇಳಿ. ಯಾವ ಮರ, ಎಷ್ಟು ತಿಂಗಳು ಒಣಗಿಸಬೇಕು? ಪಟ್ಟಿ ಚಕ್ರಕ್ಕಿಂತ ಎಷ್ಟು ಬೆರಳು ಸಣ್ಣದಿರಬೇಕು? ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ತೆಗೆಯಬೇಕು? ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಪ್ರತಿ ಹಂತದ ಚಿತ್ರ ಬಿಡಿಸಿ, ಅಳತೆ ನಮೂದಿಸಿ. ಆಮೇಲೆ ತರಗತಿಯಲ್ಲಿ ವಿಕಸನ ಗುಣಾಂಕ ಬಳಸಿ ಲೆಕ್ಕ ಮಾಡಿ, ಅವರು ಹೇಳಿದ ಬೆರಳಳತೆಯೊಡನೆ ಹೋಲಿಸಿ. ಮುಂದೊಂದು ದಿನ ಯಾರಾದರೂ ಆ ಚಕ್ರವನ್ನು ಮತ್ತೆ ಕಟ್ಟಲು ಹೊರಟರೆ ಅವರಿಗೆ ಬೇಕಾಗುವ ನಕಾಶೆ ಅದೇ ಪುಸ್ತಕ.