ಕರ್ನಾಟಕದಲ್ಲಿ ವೇತನ ಮತ್ತು ಜೀವನ ವೆಚ್ಚ

ಕರ್ನಾಟಕವು ತಲಾ ಆದಾಯದಲ್ಲಿ ಭಾರತದ ಮುಂಚೂಣಿಯ ರಾಜ್ಯಗಳಲ್ಲಿ ಒಂದಾಗಿದೆ. ಪ್ರಸಕ್ತ ಬೆಲೆಗಳಲ್ಲಿ ರಾಜ್ಯದ ವಾರ್ಷಿಕ ತಲಾ ಆದಾಯವು 2022-23ರಲ್ಲಿಯೇ ಮೂರು ಲಕ್ಷ ರೂಪಾಯಿಗಳನ್ನು ದಾಟಿತು. ಆದರೆ ತಲಾ ಆದಾಯವೆಂಬುದು ಸಂಬಳವಲ್ಲ. ಉದ್ದಿಮೆಗಳ ಲಾಭ, ಬಡ್ಡಿ, ಬಾಡಿಗೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅಲ್ಲದೆ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯವು ಕೊನೆಯ ಸ್ಥಾನದಲ್ಲಿರುವ ಕಲಬುರಗಿ ಜಿಲ್ಲೆಯದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಾಗಿರುವುದರಿಂದ, ರಾಜ್ಯದ ಸರಾಸರಿಯು ಎರಡೂ ಕಡೆಯ ವಾಸ್ತವವನ್ನು ಹೇಳುವುದಿಲ್ಲ.

ಕುಟುಂಬದ ಖರ್ಚು

2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚವು ಗ್ರಾಮೀಣ ಭಾಗದಲ್ಲಿ 4,397 ರೂ. ಮತ್ತು ನಗರಗಳಲ್ಲಿ 7,666 ರೂ. ಆಗಿತ್ತು. ಅಂದರೆ ಹಳ್ಳಿಯ ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು 17,600 ರೂ. ಅದೇ ವರ್ಷ ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ದಿನಗೂಲಿ 309 ರೂ. ಇತ್ತು. ನೂರು ದಿನಗಳ ಪೂರ್ಣ ಕೆಲಸ ದೊರೆತರೂ ಕೈಸೇರುವ 30,900 ರೂ. ಅಂತಹ ಕುಟುಂಬದ ಎರಡು ತಿಂಗಳ ಖರ್ಚಿಗೂ ಸಾಲದು. ಕಲ್ಯಾಣ ಕರ್ನಾಟಕದ ಕೂಲಿಕಾರರು ಸುಗ್ಗಿ ಮುಗಿದೊಡನೆ ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುವುದಕ್ಕೆ ಈ ಅಂತರವೂ ಒಂದು ಕಾರಣ.

ನಗರದಲ್ಲಿ ಕೂಲಿ ಹೆಚ್ಚಿದ್ದರೂ ಬಾಡಿಗೆ ಅದರ ಬಹುಭಾಗವನ್ನು ನುಂಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ರೂಢಿ ಬಹುಕಾಲದಿಂದ ಇದೆ. ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ಪದ್ಧತಿಯೂ ಉಳಿದಿದೆ. 2025ರ ಮೊದಲ ನಾಲ್ಕು ತಿಂಗಳುಗಳಲ್ಲಿಯೇ ಬಸ್ ದರ ಶೇ. 15ರಷ್ಟು, ಮೆಟ್ರೋದ ಗರಿಷ್ಠ ದರ 60ರಿಂದ 90 ರೂ.ಗೆ, ನಂದಿನಿ ಹಾಲು ಲೀಟರಿಗೆ 4 ರೂ. ಏರಿದವು. 2023ರಲ್ಲಿ ಆರಂಭವಾದ ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳು ಮಹಿಳೆಯರ ಬಸ್ ಪ್ರಯಾಣ ಹಾಗೂ ಮನೆಯ ವಿದ್ಯುತ್ ವೆಚ್ಚವನ್ನು ತಗ್ಗಿಸಿ, ಮನೆಯೊಡತಿಗೆ ತಿಂಗಳಿಗೆ 2,000 ರೂ. ಒದಗಿಸುತ್ತವೆ. ಇವು ಖರ್ಚನ್ನು ಹಗುರಗೊಳಿಸುತ್ತವೆಯೇ ಹೊರತು ವೇತನದ ದರವನ್ನು ಏರಿಸುವುದಿಲ್ಲ.

ಕನಿಷ್ಠ ವೇತನ

1948ರ ಕನಿಷ್ಠ ವೇತನ ಕಾಯ್ದೆಯು ದರಗಳನ್ನು ಐದು ವರ್ಷ ಮೀರದಂತೆ ಪರಿಶೀಲಿಸಬೇಕೆಂದು ವಿಧಿಸಿತ್ತು. ಈ ಕಾಯ್ದೆಯೂ ಸೇರಿದಂತೆ ನಾಲ್ಕು ಕಾಯ್ದೆಗಳನ್ನು 2019ರ ವೇತನ ಸಂಹಿತೆಯಲ್ಲಿ ಒಂದುಗೂಡಿಸಲಾಯಿತು. ದರವನ್ನು ಲೆಕ್ಕಹಾಕುವ ಬಗೆಯು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಿಂದ ಬಂದದ್ದು: ಒಬ್ಬ ದುಡಿಮೆಗಾರನಿಗೆ ಮೂರು ಬಳಕೆ ಘಟಕಗಳು, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಮತ್ತು ದೀಪ ಮುಂತಾದವುಗಳಿಗೆ ಶೇ. 20. ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಹಬ್ಬ, ಮದುವೆ, ವೃದ್ಧಾಪ್ಯಗಳಿಗಾಗಿ ಇನ್ನೂ ಶೇ. 25 ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಈ ಸೂತ್ರವನ್ನು ಪೂರ್ಣವಾಗಿ ಅನ್ವಯಿಸಬೇಕೆಂಬುದು ಕಾರ್ಮಿಕ ಸಂಘಟನೆಗಳ ಮುಖ್ಯ ಬೇಡಿಕೆಯಾಗಿದೆ. 2025ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಅತಿ ಕಡಿಮೆ ದರವು ತಿಂಗಳಿಗೆ ಸುಮಾರು 19,300 ರೂ. ಇತ್ತು, ಮಾಲೀಕರ ಸಂಘಗಳು ಅದನ್ನು ವಿರೋಧಿಸಿದವು.

ತುಟ್ಟಿಭತ್ಯೆ

ಎರಡು ಪರಿಷ್ಕರಣೆಗಳ ನಡುವಿನ ಬೆಲೆ ಏರಿಕೆಯನ್ನು ತುಂಬಿಕೊಡುವುದು ವ್ಯತ್ಯಾಸವಾಗುವ ತುಟ್ಟಿಭತ್ಯೆ. ಗ್ರಾಹಕ ಬೆಲೆ ಸೂಚ್ಯಂಕವನ್ನು ಅನುಸರಿಸಿ ಇದು ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ. ಸೂಚ್ಯಂಕವು ಕಳೆದ ವರ್ಷದ ಬೆಲೆಗಳದ್ದಾದುದರಿಂದ ಕಾರ್ಮಿಕರು ಏರಿಕೆಯ ಹೊರೆಯನ್ನು ಮೊದಲು ಹೊತ್ತು ಪರಿಹಾರವನ್ನು ಅನಂತರ ಪಡೆಯುತ್ತಾರೆ.

ಕೋವಿಡ್ ಕಾಲದಲ್ಲಿ ಈ ಭತ್ಯೆಯೇ ವಿವಾದಕ್ಕೆ ಒಳಗಾಯಿತು. 2020-21ಕ್ಕೆ ಘೋಷಿತವಾಗಿದ್ದ ತಿಂಗಳಿಗೆ 417 ರೂ. ಏರಿಕೆಯನ್ನು ರಾಜ್ಯ ಸರ್ಕಾರವು 2020ರ ಜುಲೈನಲ್ಲಿ ಮುಂದೂಡಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಆದೇಶಕ್ಕೆ ತಡೆ ನೀಡಿದರೂ ಅನೇಕ ಸಿದ್ಧ ಉಡುಪು ಕಾರ್ಖಾನೆಗಳು ಹಣ ಕೊಡಲಿಲ್ಲ. ಇಪ್ಪತ್ತಾರು ಕೆಲಸದ ದಿನಗಳಿಗೆ ಹಂಚಿದರೆ ಇದು ದಿನಕ್ಕೆ ಕೇವಲ 16 ರೂಪಾಯಿ. ಆದರೆ ಬಹುಪಾಲು ಮಹಿಳೆಯರೇ ದುಡಿಯುವ ಈ ಉದ್ಯಮದಲ್ಲಿ ಲಕ್ಷಾಂತರ ಕಾರ್ಮಿಕರಿಗೆ ಇದು ಬಾಕಿಯಾಯಿತು. ಸಂಘಟನೆಗಳ ಹೋರಾಟ ಮತ್ತು ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಒತ್ತಡದ ನಂತರ, 2022ರ ಆರಂಭದಲ್ಲಿ ಕೆಲವು ದೊಡ್ಡ ಕಾರ್ಖಾನೆಗಳು ಬಾಕಿಯನ್ನು ಪಾವತಿಸಲು ಒಪ್ಪಿದವು.