ಸದ್ಯ, ಹದ ಆತು

ಚಳ್ಳಕೆರೆ ಸೀಮೆಯಲ್ಲಿ ಮುಂಗಾರಿನ ದಿನಗಳಲ್ಲಿ ಇಬ್ಬರು ರೈತರು ಎದುರಾದರೆ ಮೊದಲ ಮಾತು ಮಳೆಯದೇ. ‘ನಿಮ್ ಕಡೆ ಹೆಂಗಾತಣ್ಣ?’ ಎಂದು ಒಬ್ಬ ಕೇಳುತ್ತಾನೆ. ‘ಸದ್ಯ, ಹದ ಆತು ಕಣಪ್ಪ’ ಎಂದು ಇನ್ನೊಬ್ಬ ಹೇಳುತ್ತಾನೆ. ಬಿತ್ತುವಷ್ಟು ತೇವ ನೆಲಕ್ಕೆ ಇಳಿಯಿತು ಎಂಬ ಸುದ್ದಿ ‘ಹದ’ದಲ್ಲಿದೆ. ಇಷ್ಟು ದಿನ ಮುಗಿಲು ನೋಡುತ್ತಾ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿದ್ದ ದಿಗಿಲೆಲ್ಲ ‘ಸದ್ಯ’ದಲ್ಲಿ ಹೊರಬರುತ್ತದೆ.

‘ಸದ್ಯಃ’ ಎಂದರೆ ಸಂಸ್ಕೃತದಲ್ಲಿ ಅದೇ ದಿನ, ಆ ಕ್ಷಣವೇ. ಕನ್ನಡಕ್ಕೆ ಬಂದ ಮೇಲೂ ಆ ಕಾಲದ ಅರ್ಥ ಹೋಗಿಲ್ಲ. ‘ಸದ್ಯಕ್ಕೆ ಇಷ್ಟು ಸಾಕು’, ‘ಸದ್ಯದಲ್ಲೇ ಬರ್ತೀನಿ’ ಎನ್ನುತ್ತೇವೆ. ಅದೇ ಪದ ಮಾತಿನ ಮೊದಲಿಗೆ ಬಂದು, ಅದರ ಹಿಂದೆ ಒಂದು ಉಸಿರು ನಿಂತರೆ, ನೆಮ್ಮದಿಯ ಮಾತಾಗುತ್ತದೆ. ಆದರೆ ಅದು ಇವತ್ತಿನ ಮಟ್ಟಿಗಿನ ನೆಮ್ಮದಿ, ನಾಳೆಯದನ್ನು ನಾಳೆಗೇ ಬಿಟ್ಟ ನೆಮ್ಮದಿ.

ವರ್ಷದ ಸರಾಸರಿ ಮಳೆ 500 ಮಿಲಿಮೀಟರನ್ನೂ ಮುಟ್ಟದ ಈ ನೆಲಕ್ಕೆ, ಇಲ್ಲಿನ ಶೇಂಗಾ ಬೆಳೆಗೆ, ಇದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲ. ಬಿತ್ತಲು ಒಂದು ಮಳೆ ಬೇಕು. ಹಳದಿ ಹೂವು ಬಾಡಿದ ಮೇಲೆ ಕಾಯಿ ಕಟ್ಟುವ ಎಳೆಯೊಂದು ಗಿಡದಿಂದ ಕೆಳಗೆ ಬಾಗಿ ಮಣ್ಣಿಗೆ ಇಳಿಯುತ್ತದೆ. ಆ ಹೊತ್ತಿಗೆ ನೆಲ ಒಣಗಿ ಬಿಗಿದಿದ್ದರೆ ಎಳೆ ಒಳಗೆ ಹೋಗಲಾರದು. ಗಿಡ ಹಸಿರಾಗಿಯೇ ಇದ್ದರೂ ಕಾಯಿ ಇರುವುದಿಲ್ಲ. ಕಾಯಿಯಲ್ಲಿ ಬೀಜ ತುಂಬಲು ಮತ್ತೊಂದು ಮಳೆ ಬೇಕು. ಕೀಳುವಾಗ ನೆಲ ಗಟ್ಟಿಯಾಗಿದ್ದರೆ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ, ಮಳೆ ಹಿಡಿದರೆ ಮೊಳಕೆ ಬರುತ್ತದೆ. ಒಂದೇ ಬೆಳೆಗೆ ರೈತ ನಾಲ್ಕೈದು ಸಲ ‘ಸದ್ಯ’ ಎನ್ನಬೇಕು. ಯಾವುದೋ ಒಂದು ಸಲ ಅದು ಬಾಯಿಗೆ ಬರದೆ ಹೋದರೆ ವರ್ಷವೇ ಹೋಯಿತು.

ಒಬ್ಬರ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಪದ್ಧತಿಯೂ ಇಲ್ಲಿ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಶುರುವಾಗುವುದೇ ಹೀಗೆ: ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಅರಸನ ಆಜ್ಞೆ ಬರುವುದು ಆಮೇಲೆ. ಇಂದಿಗೂ ಈ ಊರುಗಳಲ್ಲಿ ‘ಆರಾಮಾ?’ ಎಂದರೆ ‘ಸದ್ಯ, ಎಲ್ಲ ಆರಾಮ’ ಎಂಬ ಉತ್ತರ ಬರುತ್ತದೆ.

‘ಪುಣ್ಯಕ್ಕೆ’ ಎಂಬ ಪದದ ಗುಣ ಬೇರೆ. ‘ಪುಣ್ಯಕ್ಕೆ ಬಸ್ಸು ಸಿಕ್ತು’ ಎನ್ನುವವನು ಇದು ತನ್ನ ಜಾಣತನವಲ್ಲ ಎಂದು ಒಪ್ಪಿಕೊಂಡಂತೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಯಾರ ಪುಣ್ಯವೋ’ ಎನ್ನುವುದೂ ಉಂಟು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಕೈಗೆ ಬಂದಾಗ ಆ ಮಾತಿಗೆ ಲೆಕ್ಕ ಸಿಗುತ್ತದೆ. ನೂಲು ಬಿಚ್ಚಿದವರು, ಬಣ್ಣ ಹಾಕಿದವರು, ಹಾಸು ಹೂಡಿದವರು, ಮಗ್ಗದಲ್ಲಿ ಕೂತು ನೇಯ್ದವರು, ಇಷ್ಟು ಮನೆಗಳ ದುಡಿಮೆ ಅದರಲ್ಲಿದೆ. ನಮಗೆ ಸಿಕ್ಕ ಒಳ್ಳೆಯದರಲ್ಲಿ ಕಾಣದ ಎಷ್ಟೋ ಕೈಗಳಿವೆ ಎಂಬ ಅರಿವನ್ನು ಆಡುಮಾತು ಬಿಟ್ಟುಕೊಟ್ಟಿಲ್ಲ.

ಇಂಗ್ಲಿಷಿನಲ್ಲೂ ಇಂಥ ಪದಗಳ ಒಂದು ಬಳಗವೇ ಇದೆ. ‘ಫಾರ್ಚುನೇಟ್ಲಿ’ಯಲ್ಲಿ ರೋಮನ್ನರ ಭಾಗ್ಯದೇವತೆ ಫಾರ್ಚೂನಾ ಇದ್ದಾಳೆ. ‘ಥ್ಯಾಂಕ್‌ಫುಲಿ’ಗೆ ಮೊದಲಿದ್ದ ಅರ್ಥ ಕೃತಜ್ಞತೆಯಿಂದ ಎಂದಷ್ಟೇ. ಅದು ‘ಸದ್ಯ’ದ ಹಾಗೆ ವಾಕ್ಯದ ಮೊದಲಿಗೆ ಬಂದು ಕೂತಾಗ, ಕೃತಜ್ಞತೆ ಯಾರದು, ಯಾರಿಗೆ ಎಂದು ವ್ಯಾಕರಣದವರು ತಕರಾರು ತೆಗೆದರು. ‘ಹೋಪ್‌ಫುಲಿ’ಯ ಮೇಲೂ ಅಂಥದೇ ಜಗಳ ದಶಕಗಟ್ಟಲೆ ನಡೆಯಿತು, ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ತನ್ನ ಭಾಷಾ ಕೈಪಿಡಿಯಲ್ಲಿ ಆ ಬಳಕೆಯನ್ನು ಒಪ್ಪಿದ್ದು 2012ರಲ್ಲಿ. ಜನರ ಬಾಯಲ್ಲಿ ಅದು ಆಗಲೇ ನೆಲೆಯೂರಿತ್ತು. ಆದರೂ ಆ ವ್ಯಾಕರಣದವರ ಪ್ರಶ್ನೆ ಒಳ್ಳೆಯ ಪ್ರಶ್ನೆ.

ಅದನ್ನು ನಮ್ಮ ‘ಅದೃಷ್ಟವಶಾತ್’ಗೂ ಕೇಳಬೇಕು. ಅದೃಷ್ಟವೆಂದರೆ ಕಾಣದ್ದು. ಮೀಮಾಂಸಕರಿಗೆ ಅದು ಮಾಡಿದ ಕರ್ಮಕ್ಕೂ ಮುಂದೆ ಸಿಗುವ ಫಲಕ್ಕೂ ನಡುವಿನ ಕಾಣದ ಕೊಂಡಿಯಾಗಿತ್ತು. ಅದರ ಹಿಂದೆ ಮಾಡಿದವನೊಬ್ಬ ಇದ್ದೇ ಇದ್ದ. ಇಂದಿನ ಪತ್ರಿಕೆಯ ‘ಅದೃಷ್ಟವಶಾತ್ ಪ್ರಾಣಹಾನಿ ಸಂಭವಿಸಿಲ್ಲ’ ಎಂಬ ಸಾಲಿನಲ್ಲಿ ಆ ಮಾಡಿದವನು ಇಲ್ಲ. ಬಳ್ಳಾರಿ ರಸ್ತೆಯಲ್ಲಿ ಬಿದ್ದ ಬೈಕ್ ಸವಾರನ ಜೀವ ಹೆಲ್ಮೆಟ್‌ನಿಂದ ಉಳಿದರೂ ಅದೃಷ್ಟ, ಗಾಯಾಳುವನ್ನು ಯಾರೋ ಹೊತ್ತೊಯ್ದು ಆಸ್ಪತ್ರೆ ಮುಟ್ಟಿಸಿದರೂ ಅದೃಷ್ಟ.

ನೀರಿನ ವಿಷಯದಲ್ಲೂ ಹೀಗೇ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ನಿಜ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪು ಮಾಡಿ ಕಾಲುವೆಗೆ ಬಿಟ್ಟ ನೀರು ಕೂಡ 2019ರಿಂದ ಅದಕ್ಕೆ ಬರುತ್ತಿತ್ತು. ಆ ನೀರಿಗಾಗಿ ಚಿತ್ರದುರ್ಗ ಜಿಲ್ಲೆಯ ಜನ ವರ್ಷಗಟ್ಟಲೆ ಧರಣಿ ಕೂತಿದ್ದರು. ಅದನ್ನೆಲ್ಲ ‘ಅದೃಷ್ಟ’ ಎಂದು ಬರೆದರೆ ಅವರಿಗೆ ಸಲ್ಲಬೇಕಾದದ್ದು ಸಲ್ಲುವುದಿಲ್ಲ.

ಮಳೆಯಂಥ ನಮ್ಮ ಕೈಲಿಲ್ಲದ್ದಕ್ಕೆ ‘ಸದ್ಯ’ ಇರಲಿ. ಯಾರೆಂದು ತಿಳಿಯದ ಉಪಕಾರಕ್ಕೆ ‘ಪುಣ್ಯಕ್ಕೆ’ ಇರಲಿ. ಯಾರೆಂದು ತಿಳಿದಾಗ ಮಾತ್ರ ಹೆಸರು ಹಿಡಿದು ಹೇಳೋಣ: ಚಾಲಕ ಹೊತ್ತಿಗೆ ಸರಿಯಾಗಿ ಬ್ರೇಕ್ ಒತ್ತಿದ, ಬಸ್ಸಿನಲ್ಲಿದ್ದವರೆಲ್ಲ ಉಳಿದರು.