ಕಲ್ಲಿಗೆ ಕಾವಲುಂಟು, ತಮಟೆಗೆ?

ಬೇಲೂರಿನ ಚೆನ್ನಕೇಶವ ಗುಡಿಗೆ ಒಂಬೈನೂರು ವರ್ಷ ದಾಟಿದೆ. ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗುಡಿ ಉಳೀಬೇಕು ಅಂತಾರೆ. ಉಳೀಲಿ. ನಾವು ಬೇಡ ಅಂದವರಲ್ಲ. ಆದರೆ ಉಳಿಸೋದು ಯಾವುದನ್ನ, ಯಾರದ್ದನ್ನ ಅಂತ ಕೇಳೋ ಹಕ್ಕು ನಮಗಿದೆ.

ಈ ಗುಡಿಗಳದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತೆ. ಅಷ್ಟು ನವುರಾದ ಕೆತ್ತನೆ ಸಾಧ್ಯವಾಗಿದ್ದು ಅದರಿಂದ. ಕೆತ್ತಿದವರಲ್ಲಿ ಕೆಲವರು ಹೆಸರು ಕೊರೆದಿಟ್ಟಿದ್ದಾರೆ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ದುಡಿದ ಕೈ ತನ್ನ ಹೆಸರನ್ನ ತಾನೇ ಬರೆದುಕೊಂಡದ್ದು ಸಣ್ಣ ಮಾತಲ್ಲ. ಆದರೆ ಬಂಡೆ ಸೀಳಿದವರ, ಗಾಡಿ ಹೊಡೆದವರ, ಮಣ್ಣು ಹೊತ್ತವರ ಹೆಸರು ಎಲ್ಲಿದೆ? ಶಾಸನ ಓದಿದರೆ ದಾನ ಕೊಟ್ಟ ದಂಡನಾಯಕ ಸಿಗುತ್ತಾನೆ, ದಾನ ಪಡೆದ ಬ್ರಾಹ್ಮಣರು ಸಿಗುತ್ತಾರೆ. ಸೋಮನಾಥಪುರವೇ ಸೋಮನಾಥ ದಂಡನಾಯಕ ಕಟ್ಟಿಸಿದ ಅಗ್ರಹಾರ. ಅದರ ಹೊಟ್ಟೆ ತುಂಬಿಸಿದ ಹೊಲಗದ್ದೆಯಲ್ಲಿ ಬಗ್ಗಿದ ಬೆನ್ನು ಯಾರದು?

ಗುಡಿಯೊಳಗೆ ಕಾಲಿಡೋಕೂ ನಾವು ಹೋರಾಡಬೇಕಾಯಿತು. 1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ಗುಡಿ ಮುಂದೆ ಸತ್ಯಾಗ್ರಹ ಹೂಡಿದರು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆ ಬಂದಮೇಲೆ ತಡೆಯೋದು ಶಿಕ್ಷೆಯ ಅಪರಾಧವಾಯಿತು. ಕಾಯಿದೆ ಬಂತು, ಎಷ್ಟೋ ಊರಲ್ಲಿ ಹೊಸ್ತಿಲು ಮಾತ್ರ ಹಾಗೇ ಉಳೀತು. ಅದೂ ಒಂದು ಬಗೆಯ ಸಂರಕ್ಷಣೆಯೇ!

ಇನ್ನು ನಮ್ಮ ಕಲೆಗಳ ಪಾಡು. ಮಂಟೇಸ್ವಾಮಿ ಕಾವ್ಯವನ್ನ ಕಾಪಾಡಿದ್ದು ಯಾವ ಇಲಾಖೆ? ತಂಬೂರಿ ಹಿಡಿದ ನೀಲಗಾರರು ಬಾಯಿಂದ ಬಾಯಿಗೆ ದಾಟಿಸಿದರು. ಕಲ್ಯಾಣಕ್ಕೇ ಹೋಗಿ ಶರಣರನ್ನೇ ಪರೀಕ್ಷೆಗೆ ಒಡ್ಡುವ ಕತೆ ಅದು. ಕಲ್ಲಿಲ್ಲದೆ, ಶಾಸನವಿಲ್ಲದೆ, ಬರೀ ಗಂಟಲಲ್ಲಿ ಉಳಿದು ಬಂತು.

ತಮಟೆ ಕತೆ ಇನ್ನೂ ಕಷ್ಟದ್ದು. ಚರ್ಮ ಹದ ಮಾಡಿದವರು ನಾವು, ಬೆಂಕಿಗೆ ಹಿಡಿದು ಕಾಯಿಸಿ ಬಡಿದವರು ನಾವು. ಆದರೆ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಬಾ ಅಂದಾಗ ಬರಲೇಬೇಕಿತ್ತು. ಅದು ಬಿಟ್ಟಿ ಚಾಕರಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಹುಡುಗರು ಎಷ್ಟೋ ಕೇರಿಗಳಲ್ಲಿ ಆ ಚಾಕರಿ ಬಿಡಿಸಿದರು. ಆಗ 'ಕಲೆ ಸಾಯ್ತಿದೆ' ಅಂತ ಅತ್ತವರುಂಟು. ಬಡಿಯೋನು ಸಾಯ್ತಿದ್ದಾಗ ಅವರೆಲ್ಲ ಎಲ್ಲಿದ್ದರು? ಅದೇ ಚಳವಳಿ ತಮಟೆಯನ್ನ ತನ್ನ ಮೆರವಣಿಗೆಗೂ ತಂದಿತು. ವಾದ್ಯ ಅದೇ, ಬಡಿಯೋನ ತಲೆ ಮಾತ್ರ ಎತ್ತಿತ್ತು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಊರೂರಿನ ತಮಟೆಯವನಿಗೆ ಇವತ್ತಿಗೂ ಬೇಕಾಗಿರೋದು ಕೂಲಿ, ಮರ್ಯಾದೆ, 'ಒಲ್ಲೆ' ಅನ್ನೋ ಸ್ವಾತಂತ್ರ್ಯ.

ನಮ್ಮ ಮಾತು ಇಷ್ಟೆ. ಗುಡಿಯ ಫಲಕದಲ್ಲಿ ರಾಜನ ಹೆಸರಿನ ಜೊತೆ ದುಡಿದವರ ಚರಿತ್ರೆಯೂ ಬರಲಿ. ಮೇಷ್ಟ್ರುಗಳು ಮಕ್ಕಳನ್ನ ಬೇಲೂರಿಗೆ ಕರಕೊಂಡು ಹೋದಾಗ ದಾಸೋಜನ ಹೆಸರು ತೋರಿಸಲಿ. ಹೆಸರಿಲ್ಲದವರ ಬಗ್ಗೆಯೂ ಕೇಳಲಿ. ಕಲೆ ಉಳಿಸೋ ನೆಪದಲ್ಲಿ ಜಾತಿಯ ಚಾಕರಿ ಉಳಿಸೋದು ಬೇಡ. ಮನುಷ್ಯ ಉಳಿದರೆ ತಮಟೆ ತಾನಾಗೇ ಉಳಿಯುತ್ತೆ.